ಫ್ಲ್ಯಾಶ್ ಆಯಿತು ಅಂದಮೇಲೂ ಏಳದ ರಾಡಾರ್ ಬೋರ್ಡ್

ಮೂರನೇ ನಂಬರಿನ ಬೋರ್ಡ್ ನಿನ್ನೆ ರಾತ್ರಿ ಬೂಟ್ ಆಯಿತು. ಟರ್ಮಿನಲ್ ಕಿಟಕಿಯಲ್ಲಿ ಡೆಮೊ ಪ್ರೋಗ್ರಾಮಿನ ಪ್ರಾಂಪ್ಟ್ ಬಂತು. ಆ ಒಂದು ಸಾಲಿಗೆ ಹನ್ನೆರಡು ದಿನ ಕಾದಿದ್ದೆ. ಎಲ್ಲ ಇನ್ನೂ ನೆನಪಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇದೇ ಜಾತಿಯ ಚಿಪ್ ಹಾಕಿ ಸ್ವಂತ ಬೋರ್ಡ್ ಮಾಡುವವರಿಗೆ ಇದರಲ್ಲಿ ಒಂದೆರಡು ವಿಷಯ ಖಂಡಿತ ಉಪಯೋಗಕ್ಕೆ ಬರುತ್ತದೆ.

ನಾನು ಈ ಬೋರ್ಡ್ ಮಾಡಲು ಕಾರಣ ನಮ್ಮಜ್ಜಿ. ಅವರು ರಾತ್ರಿ ಎದ್ದು ಓಡಾಡುವಾಗ ಒಮ್ಮೆ ಬಿದ್ದರು. ಕೋಣೆಯಲ್ಲಿ ಕ್ಯಾಮೆರಾ ಇಡೋಣ ಅಂದರೆ ಬೇಡವೇ ಬೇಡ ಅಂದರು. ಅವರು ಹೇಳುವುದು ಸರಿಯೇ, ಮಲಗುವ ಕೋಣೆಯಲ್ಲಿ ಕ್ಯಾಮೆರಾ ಯಾರಿಗೆ ಬೇಕು? ರಾಡಾರ್ ಆದರೆ ಮುಖ ಕಾಣುವುದಿಲ್ಲ, ಚಿತ್ರ ತೆಗೆಯುವುದಿಲ್ಲ. ಯಾರೋ ಇದ್ದಾರೆ, ಎಷ್ಟು ದೂರದಲ್ಲಿದ್ದಾರೆ, ಅಲುಗಾಡುತ್ತಿದ್ದಾರಾ ಇಲ್ಲವಾ, ಇಷ್ಟು ಮಾತ್ರ ಗೊತ್ತಾಗುತ್ತದೆ. ನನಗೆ ಬೇಕಾದದ್ದೂ ಅಷ್ಟೇ.

ಆರಿಸಿಕೊಂಡ ಚಿಪ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಐಡಬ್ಲ್ಯೂಆರ್ 6843 ಎಒಪಿ. 60ರಿಂದ 64 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಮೂರು ಟ್ರಾನ್ಸ್‌ಮಿಟರ್, ನಾಲ್ಕು ರಿಸೀವರ್. ಆಂಟೆನಾಗಳು ಪ್ಯಾಕೇಜಿನ ಮೇಲೆಯೇ ಇವೆ. ಹಾಗಾಗಿ 60 ಗಿಗಾಹರ್ಟ್ಸ್ ಸಿಗ್ನಲ್ ಬೋರ್ಡ್ ಮೇಲೆ ಓಡುವುದೇ ಇಲ್ಲ, ದುಬಾರಿ ಮೆಟೀರಿಯಲ್ ಬೇಕಿಲ್ಲ, ಎಲ್ಲ ಬೋರ್ಡ್‌ಗಳಿಗೂ ಬಳಸುವ ಸಾಮಾನ್ಯ ಎಫ್‌ಆರ್4 ಹಾಳೆ ಸಾಕು. 15 ಮಿಲಿಮೀಟರ್ ಚೌಕದ ಈ ಪ್ಯಾಕೇಜನ್ನು ಮನೆಯಲ್ಲೇ ಬೆಸುಗೆ ಹಾಕುವ ಧೈರ್ಯ ಇರಲಿಲ್ಲ, ಜೋಡಿಸಿಯೇ ತರಿಸಿದೆ. ಐದು ಬೋರ್ಡ್ ಬಂದವು. ಮಾರ್ಕರ್‌ನಲ್ಲಿ ಒಂದರಿಂದ ಐದರವರೆಗೆ ನಂಬರ್ ಬರೆದೆ.

ಮುಂದಿನ ಕಥೆ ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಈ ಚಿಪ್ಪಿನೊಳಗೆ ಫ್ಲ್ಯಾಶ್ ಮೆಮೊರಿ ಇಲ್ಲ. ನಾವು ಬರೆದ ಪ್ರೋಗ್ರಾಮ್ ಪಕ್ಕದಲ್ಲಿರುವ ಎಂಟು ಕಾಲಿನ ಒಂದು ಪುಟ್ಟ ಫ್ಲ್ಯಾಶ್ ಐಸಿಯಲ್ಲಿ ಕೂತಿರುತ್ತದೆ. ಪವರ್ ಕೊಟ್ಟಾಗ ಚಿಪ್ಪಿನ ರೋಮ್‌ನಲ್ಲಿರುವ (ROM), ಅಂದರೆ ಕಾರ್ಖಾನೆಯಲ್ಲೇ ಅಚ್ಚಾಗಿರುವ ಬೂಟ್‌ಲೋಡರ್ ಮೊದಲು ಏಳುತ್ತದೆ. ಅದು ಮೂರು ಪಿನ್ ನೋಡಿ ತನ್ನ ಕೆಲಸ ಏನು ಅಂತ ತೀರ್ಮಾನಿಸುತ್ತದೆ. ಇವಕ್ಕೆ ಎಸ್‌ಒಪಿ ಪಿನ್ ಅನ್ನುತ್ತಾರೆ. ಎರಡು, ಒಂದು, ಸೊನ್ನೆ ಈ ಕ್ರಮದಲ್ಲಿ 101 ಇದ್ದರೆ ಫ್ಲ್ಯಾಶ್ ಮಾಡುವ ಮೋಡ್. ಆಗ ಅದು ಸೀರಿಯಲ್ ಪೋರ್ಟಿನಿಂದ ಪ್ರೋಗ್ರಾಮ್ ತೆಗೆದುಕೊಂಡು ಹೊರಗಿನ ಫ್ಲ್ಯಾಶಿಗೆ ಬರೆಯುತ್ತದೆ. 001 ಇದ್ದರೆ ಮಾಮೂಲಿ ಓಡುವ ಮೋಡ್, ಫ್ಲ್ಯಾಶಿನಿಂದ ಓದಿಕೊಂಡು ಶುರುಮಾಡುತ್ತದೆ. 011 ಡೀಬಗ್ ಮಾಡಲು. ಮುಖ್ಯವಾದದ್ದು ಏನೆಂದರೆ, ಆ ಮೂರು ಪಿನ್‌ಗಳನ್ನು ಅದು ರೀಸೆಟ್ ಬಿಟ್ಟ ಕ್ಷಣದಲ್ಲಿ ಒಮ್ಮೆ ಮಾತ್ರ ನೋಡುತ್ತದೆ. ಆಮೇಲೆ ಆ ಪಿನ್‌ಗಳನ್ನು ಹೊಂದಿಸುವ ಜಂಪರ್ ಬದಲಾಯಿಸಿದರೆ ಏನೂ ಆಗುವುದಿಲ್ಲ, ಮತ್ತೆ ರೀಸೆಟ್ ಮಾಡಲೇಬೇಕು.

ಜಂಪರ್ 101ಕ್ಕೆ ಹಾಕಿ, ಪವರ್ ಕೊಟ್ಟು, ಫ್ಲ್ಯಾಶಿಗೆ ಬರೆಯುವ ಸಾಫ್ಟ್‌ವೇರ್ ಯುನಿಫ್ಲ್ಯಾಶ್ ತೆರೆದು ಬಟನ್ ಒತ್ತಿದೆ. ಸೀರಿಯಲ್ ಪೋರ್ಟಿಗೆ ಕನೆಕ್ಟ್ ಆಗಲಿಲ್ಲ, ಪೋರ್ಟ್ ನಂಬರ್ ನೋಡಿಕೊಳ್ಳಿ ಅಂತ ಕೆಂಪು ಅಕ್ಷರದಲ್ಲಿ ಬಂತು. ಇನ್ನೊಮ್ಮೆ ಒತ್ತಿದೆ, ಅದೇ. ಟಿಎಕ್ಸ್ (ಕಳಿಸುವ ಲೈನ್), ಆರ್‌ಎಕ್ಸ್ (ತೆಗೆದುಕೊಳ್ಳುವ ಲೈನ್) ಅದಲುಬದಲು ಆಗಿದೆಯಾ ನೋಡಿದೆ, ಇರಲಿಲ್ಲ. ಐದೂ ಬೋರ್ಡ್‌ಗಳಲ್ಲಿ ಇದೇ ಉತ್ತರ. ಆದರೆ ಹತ್ತು ಸಲದಲ್ಲಿ ಒಂದು ಸಲ ಕನೆಕ್ಟ್ ಆಗಿಬಿಡುತ್ತಿತ್ತು! ಪೂರ್ತಿ ಸತ್ತ ಬೋರ್ಡ್ ಆದರೆ ಎಲ್ಲಿ ಹುಡುಕಬೇಕು ಅಂತಾದರೂ ಗೊತ್ತಾಗುತ್ತದೆ. ಆಗೊಮ್ಮೆ ಈಗೊಮ್ಮೆ ಉಸಿರಾಡುವ ಬೋರ್ಡ್ ನಮ್ಮನ್ನು ಎಲ್ಲೆಲ್ಲಿಗೋ ಎಳೆದುಕೊಂಡು ಹೋಗುತ್ತದೆ. ನಾನು ಕೇಬಲ್ ಬದಲಾಯಿಸಿದೆ, ಲ್ಯಾಪ್‌ಟಾಪ್ ಬದಲಾಯಿಸಿದೆ, ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದೆ. ಎರಡು ದಿನ ಹೀಗೇ ಹೋಯಿತು.

ಮೂರನೇ ದಿನ ಸಾಫ್ಟ್‌ವೇರ್ ಪಕ್ಕಕ್ಕಿಟ್ಟು ಆಸಿಲೋಸ್ಕೋಪ್ ತೆಗೆದೆ. 3.3, 1.8, 1.3, 1.2 ವೋಲ್ಟ್ ನಾಲ್ಕೂ ಸರಿಯಾಗಿದ್ದವು. 40 ಮೆಗಾಹರ್ಟ್ಸ್ ಕ್ರಿಸ್ಟಲ್ ಓಡುತ್ತಿತ್ತು. (ಇದನ್ನು 10ಎಕ್ಸ್ ಪ್ರೋಬ್‌ನಲ್ಲೇ ನೋಡಿ. 1ಎಕ್ಸ್‌ನಲ್ಲಿ ಮುಟ್ಟಿದರೆ ಪ್ರೋಬಿನ ಕೆಪಾಸಿಟೆನ್ಸಿಗೇ ಕ್ರಿಸ್ಟಲ್ ನಿಂತುಹೋಗಬಹುದು, ಆಮೇಲೆ ಇಲ್ಲದ ತಪ್ಪನ್ನು ಹುಡುಕುತ್ತಾ ಕೂರುತ್ತೀರಿ.) ಎಸ್‌ಒಪಿ ಸೊನ್ನೆ ಅನ್ನುವುದು ಡೀಬಗ್ ಮಾಡುವ ಜೆಟ್ಯಾಗ್ ಪೋರ್ಟಿನ ಟಿಡಿಒ ಪಿನ್ನೇ. ಹಾಗಾಗಿ ಜೆಟ್ಯಾಗ್ ಕೇಬಲ್ ಕಿತ್ತುಹಾಕಿಯೂ ನೋಡಿದೆ. ಬದಲಾವಣೆ ಇಲ್ಲ.

ಆಮೇಲೆ ಪ್ರೋಬನ್ನು ಸೀರಿಯಲ್ ಲೈನಿನ ಮೇಲೆ ಇಟ್ಟೆ. ಯುನಿಫ್ಲ್ಯಾಶ್ ಮೊದಲು ಕಳಿಸುವುದು ಬೈಟ್ ಅಲ್ಲ, ಬ್ರೇಕ್. ಅಂದರೆ ಲೈನನ್ನು ಒಂದು ಬೈಟಿನ ಹೊತ್ತಿಗಿಂತ ಜಾಸ್ತಿ ಹೊತ್ತು ಕೆಳಗೆ ಹಿಡಿಯುವುದು. 115200 ವೇಗದಲ್ಲಿ ಒಂದು ಬಿಟ್ ಅಂದರೆ 8.68 ಮೈಕ್ರೋಸೆಕೆಂಡ್. ಸ್ಟಾರ್ಟ್ ಸ್ಟಾಪ್ ಸೇರಿದರೆ ಒಂದು ಬೈಟಿಗೆ ಸುಮಾರು 87. ನನ್ನ ಸ್ಕೋಪಿನಲ್ಲಿ ಲೈನ್ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಕೆಳಗೇ ಇತ್ತು. ಬ್ರೇಕ್ ಸರಿಯಾಗಿ ಹೋಗುತ್ತಿದೆ. ಆ ಕಡೆಯಿಂದ ಉತ್ತರ ಇಲ್ಲ. ಅಂದರೆ ಬೂಟ್‌ಲೋಡರ್ ಕೇಳುವ ಸ್ಥಿತಿಯಲ್ಲೇ ಇಲ್ಲ.

ಸುಳಿವು ಸಿಕ್ಕಿದ್ದು ಅಕಸ್ಮಾತ್ತಾಗಿ. ಪವರ್ ತೆಗೆದು ಮಲ್ಟಿಮೀಟರ್ ಕಡ್ಡಿಯನ್ನು ಹಾಗೇ 3.3 ವೋಲ್ಟಿನ ಕೆಪಾಸಿಟರ್ ಮೇಲೆ ಇಟ್ಟಿದ್ದೆ. ಸೊನ್ನೆ ತೋರಿಸಬೇಕಿತ್ತು. 1.9 ತೋರಿಸಿತು. ಪವರ್ ಕೇಬಲ್ ಕೈಯಲ್ಲೇ ಇದೆ, ಆದರೂ 1.9!

ಕಾರಣ ಯುಎಸ್‌ಬಿ ಸೀರಿಯಲ್ ಕನ್ವರ್ಟರ್. ಅದು ಲ್ಯಾಪ್‌ಟಾಪಿಗೆ ಸಿಕ್ಕಿಸಿಯೇ ಇತ್ತು. ಸೀರಿಯಲ್ ಲೈನ್ ಸುಮ್ಮನಿರುವಾಗ ಮೇಲೆ ಇರುತ್ತದೆ, ಅಂದರೆ ಕನ್ವರ್ಟರಿನ ಟಿಎಕ್ಸ್‌ನಲ್ಲಿ ಸದಾ 3.3 ವೋಲ್ಟ್. ಆ ಕರೆಂಟ್ ರಾಡಾರ್ ಚಿಪ್ಪಿನ ಆರ್‌ಎಕ್ಸ್ ಪಿನ್ನಿನೊಳಗೆ ಹೋಗಿ, ಅಲ್ಲಿನ ರಕ್ಷಣೆಯ ಡಯೋಡ್ ದಾಟಿ, ನನ್ನ 3.3 ಲೈನಿಗೆ ಹಿಂಬಾಗಿಲಿನಿಂದ ಸೇರುತ್ತಿತ್ತು. ನಾನು ಪವರ್ ತೆಗೆದೆ ಅಂದುಕೊಂಡಾಗಲೆಲ್ಲ ಬೋರ್ಡ್ ಅರೆನಿದ್ದೆಯಲ್ಲಿತ್ತು ಅಷ್ಟೆ.

ಇದರಿಂದ ಏನಾಯಿತು ಅಂದರೆ, ರೀಸೆಟ್ ಕೆಟ್ಟಿತು. ರೀಸೆಟ್ ಪಿನ್ನಿಗೆ ನಾನು 10 ಕಿಲೋಓಮ್ ಮತ್ತು 1 ಮೈಕ್ರೋಫ್ಯಾರಡ್ ಹಾಕಿದ್ದೆ. ಪವರ್ ಬಂದ ಮೇಲೆ ಕೆಪಾಸಿಟರ್ ತುಂಬಲು 10 ಮಿಲಿಸೆಕೆಂಡ್ ಆಸುಪಾಸು ಬೇಕು, ಅಷ್ಟರಲ್ಲಿ ಉಳಿದ ವೋಲ್ಟೇಜ್‌ಗಳೆಲ್ಲ ನೆಲೆಗೆ ಬರುತ್ತವೆ ಅನ್ನುವ ಲೆಕ್ಕ. ಕೆಪಾಸಿಟರ್ ಮೊದಲೇ 1.9ಕ್ಕೆ ತುಂಬಿಕೊಂಡು ಕೂತಿದ್ದರೆ ತಡ ಎಲ್ಲಿಂದ ಬರಬೇಕು? 1.2 ವೋಲ್ಟ್ ಇನ್ನೂ ಏರುತ್ತಿರುವಾಗಲೇ ರೀಸೆಟ್ ಬಿಟ್ಟುಹೋಗಿರುತ್ತಿತ್ತು. ಚಿಪ್ ಎಸ್‌ಒಪಿ ಪಿನ್ ನೋಡುವ ಹೊತ್ತಿಗೆ ಯಾವುದೂ ಸರಿ ಇರುತ್ತಿರಲಿಲ್ಲ. ಎಲ್ಲ ವೋಲ್ಟೇಜ್ ನಿಂತ ಮೇಲೆಯೇ ರೀಸೆಟ್ ಬಿಡಬೇಕು ಅಂತ ಡೇಟಾಶೀಟಿನಲ್ಲಿ ಚಿತ್ರ ಸಮೇತ ಇದೆ.

ರೀಸೆಟ್ ಬಟನ್ ಒತ್ತಿ ಹಿಡಿದು ಪವರ್ ಕೊಟ್ಟೆ. ಒಂದು ಸೆಕೆಂಡ್ ಬಿಟ್ಟು ಬೆರಳು ತೆಗೆದೆ. ಕನೆಕ್ಟ್ ಆಯಿತು. ಇಪ್ಪತ್ತು ಸಲ ಮಾಡಿದೆ, ಇಪ್ಪತ್ತು ಸಲವೂ ಆಯಿತು.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ಡೆಮೊ ಪ್ರೋಗ್ರಾಮನ್ನು ಫ್ಲ್ಯಾಶಿಗೆ ಹಾಕಿದೆ. ಪಟ್ಟಿ ನಿಧಾನಕ್ಕೆ ತುಂಬಿತು, ಯಶಸ್ವಿ ಅಂತ ಹಸಿರಲ್ಲಿ ಬಂತು. ಜಂಪರ್ 001ಕ್ಕೆ ಹಾಕಿದೆ, ಬಟನ್ ಹಿಡಿದು ಬಿಟ್ಟೆ. ಟರ್ಮಿನಲ್ ಖಾಲಿ. ಒಂದು ಅಕ್ಷರವೂ ಇಲ್ಲ.

ಮತ್ತೆ ಫ್ಲ್ಯಾಶ್ ಮಾಡಿದೆ, ಮತ್ತೆ ಹಸಿರು, ಮತ್ತೆ ಖಾಲಿ. ಇಲ್ಲಿಂದ ಒಂದು ವಾರ ಹೋಯಿತು. ಚಿಪ್ಪಿನ ಆವೃತ್ತಿಗೆ ತಕ್ಕ ಫೈಲ್ ಅಲ್ಲವೇನೋ ಅಂತ ಬೇರೆ ಫೈಲ್ ಹಾಕಿದೆ. ಫ್ಲ್ಯಾಶ್ ಪೂರ್ತಿ ಅಳಿಸಿ ಹಾಕಿದೆ. ಬೇರೆ ಬೋರ್ಡಿನ ಫ್ಲ್ಯಾಶ್ ಐಸಿ ತೆಗೆದು ಇದಕ್ಕೆ ಹಾಕಿದೆ. ಆ ವಾರದ ವಿವರ ಬೇಡ ಬಿಡಿ, ಓದಲೂ ಬೇಜಾರು.

ದಾರಿ ತೋರಿಸಿದ್ದು ನನ್ನ ಗೆಳತಿ. ಅವಳು ಇಂಥ ಬೋರ್ಡ್‌ಗಳ ಜೊತೆ ದಿನಾ ಗುದ್ದಾಡುವವಳು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಹೇಳಿದಳು: "ಯಶಸ್ವಿ ಅಂತ ಬಂದದ್ದು ಬರೆದದ್ದಕ್ಕೆ ಕಣೇ. ಬೂಟ್ ಆಗುವಾಗ ಚಿಪ್ ಅದನ್ನ ಹೇಗೆ ಓದ್ತಿದೆ ಅಂತ ನೋಡಿದ್ದೀಯಾ?" ನೋಡಿರಲಿಲ್ಲ. ನಾಳೆಯೇ ಅನಲೈಸರ್ ಕಳಿಸ್ತೀನಿ ಅಂದಳು, ಕಳಿಸಿದಳು ಕೂಡ. ಲೈನ್‌ಗಳಲ್ಲಿ ಓಡುವ ಸೊನ್ನೆ ಒಂದುಗಳನ್ನು ದಾಖಲಿಸಿ ತೋರಿಸುವ, ಸೆಕೆಂಡಿಗೆ 500 ಮಿಲಿಯನ್ ಸ್ಯಾಂಪಲ್ ತೆಗೆಯುವ ಲಾಜಿಕ್ ಅನಲೈಸರ್. ನನ್ನ ಹತ್ತಿರ ಇದ್ದದ್ದು 24 ಮಿಲಿಯನ್ನಿನದು, ಈ ವೇಗಕ್ಕೆ ಅದು ಯಾವ ಮೂಲೆಗೂ ಸಾಲುವುದಿಲ್ಲ.

ಅದು ಬರುವುದರೊಳಗೆ ಒಂದು ಕೆಲಸ ಮಾಡಿದೆ. ರೀಸೆಟ್ ಪಿನ್ನನ್ನು ತಂತಿಯಿಂದ ಗ್ರೌಂಡಿಗೆ ಕಟ್ಟಿ ರಾಡಾರ್ ಚಿಪ್ಪನ್ನು ಮಲಗಿಸಿದೆ. ಫ್ಲ್ಯಾಶ್ ಐಸಿಯ ಮೇಲೆ ಕ್ಲಿಪ್ ಹಾಕಿ ಹೊರಗಿನ ಪ್ರೋಗ್ರಾಮರ್‌ನಿಂದ ಓದಿದೆ. (ಬೋರ್ಡಿಗೆ ಪವರ್ ಇರುವಾಗ ಕ್ಲಿಪ್ಪಿನ ಪವರ್ ತಂತಿ ಹಾಕಬೇಡಿ. ಪ್ರೋಗ್ರಾಮರ್ ನಿಜವಾಗಿ 3.3 ವೋಲ್ಟ್ ಕೊಡುತ್ತದಾ ಅಂತ ಅಳೆದು ನೋಡಿ, ಕೆಲವು 5 ವೋಲ್ಟ್ ಕೊಡುತ್ತವೆ.) ಐಡಿ ಕೇಳಿದಾಗ ಮೊದಲ ಬೈಟ್ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, ಸಿ2 ಬಂತು, ಮ್ಯಾಕ್ರೋನಿಕ್ಸ್ ಕಂಪನಿಯ ಗುರುತು ಅದು. ಸರಿ. ಮೊದಲ ವಿಳಾಸದಿಂದ ಓದಿದರೆ 4ಡಿ 53 54 52. ಅಕ್ಷರಗಳಲ್ಲಿ ಹೇಳುವುದಾದರೆ ಎಂ, ಎಸ್, ಟಿ, ಆರ್. ಈ ಚಿಪ್ಪಿನ ಇಮೇಜ್ ಫೈಲ್ ಶುರುವಾಗುವುದೇ ಈ ನಾಲ್ಕು ಅಕ್ಷರಗಳಿಂದ. ಪೂರ್ತಿ ಓದಿ ಫೈಲಿಗೆ ಹೋಲಿಸಿದೆ, ಒಂದು ಬಿಟ್ ಕೂಡ ತಪ್ಪಿರಲಿಲ್ಲ. ಬರೆದದ್ದು ನೂರಕ್ಕೆ ನೂರು ಸರಿ.

ಅನಲೈಸರ್ ಬಂದ ಸಂಜೆಯೇ ಫ್ಲ್ಯಾಶಿನ ಲೈನ್‌ಗಳ ಟೆಸ್ಟ್ ಪ್ಯಾಡ್‌ಗಳಿಗೆ ಆರು ತಂತಿ ಬೆಸೆದೆ: ಕ್ಲಾಕ್, ಚಿಪ್ ಸೆಲೆಕ್ಟ್, ಮತ್ತು ಡೇಟಾದ ನಾಲ್ಕು ಲೈನ್ ಡಿ0, ಡಿ1, ಡಿ2, ಡಿ3. ಮೊದಲು ಬರೆಯುವಾಗ ನೋಡಿದೆ. ಡೇಟಾ ಹೋಗುತ್ತಿದ್ದದ್ದು ಡಿ0 ಒಂದರಲ್ಲೇ. ಡಿ2, ಡಿ3 ಮೇಲೆ ನಿಂತು ಅಲುಗಲೇ ಇಲ್ಲ. ಆಮೇಲೆ 001ಕ್ಕೆ ಹಾಕಿ ರೀಸೆಟ್ ಬಿಟ್ಟೆ. ಬೂಟ್‌ಲೋಡರ್ ಮೊದಲು 5ಎ ಕಮಾಂಡ್ ಕಳಿಸಿತು. ನಿನ್ನ ಶಕ್ತಿ ಏನು, ಒಂದು ಸಲಕ್ಕೆ ಎಷ್ಟು ಲೈನಿನಲ್ಲಿ ಮಾತಾಡಬಲ್ಲೆ ಅಂತ ಫ್ಲ್ಯಾಶನ್ನು ಕೇಳುವ ಕಮಾಂಡ್ ಅದು. ಉತ್ತರ ಚೊಕ್ಕವಾಗಿ ಬಂತು. ಅದಾದ ತಕ್ಷಣ 6ಬಿ. ನಾಲ್ಕೂ ಲೈನಿನಲ್ಲಿ ಒಟ್ಟಿಗೆ ಕೊಡು ಅಂತ ಅರ್ಥ. ನಾಲ್ಕೂ ಲೈನ್ ಕುಣಿಯಲು ಶುರುಮಾಡಿದವು.

ನಾಲ್ಕು ಲೈನ್ ಅಂದರೆ ಒಂದು ಕ್ಲಾಕಿಗೆ ನಾಲ್ಕು ಬಿಟ್, ಎರಡು ಕ್ಲಾಕಿಗೆ ಒಂದು ಬೈಟ್. ಅನಲೈಸರ್ ಅದನ್ನು ಜೋಡಿಸಿ ತೋರಿಸಿತು: 8ಡಿ 93 98 92.

ಬರೆದದ್ದು 4ಡಿ 53 54 52. ಓದಿದ್ದು 8ಡಿ 93 98 92. ಎರಡನ್ನೂ ಕಾಗದದ ಮೇಲೆ ಒಂದರ ಕೆಳಗೆ ಒಂದು ಬರೆದು ತುಂಬಾ ಹೊತ್ತು ನೋಡಿದೆ. ನಾಲ್ಕು ಇದ್ದಲ್ಲೆಲ್ಲ ಎಂಟು. ಐದು ಇದ್ದಲ್ಲೆಲ್ಲ ಒಂಬತ್ತು. ಮೂರು ಮೂರಾಗಿಯೇ ಇದೆ, ಎರಡು ಎರಡಾಗಿಯೇ ಇದೆ, ಡಿ ಹಾಗೇ ಇದೆ. ಬೈನರಿಯಲ್ಲಿ ಬರೆದೆ. ನಾಲ್ಕು 0100, ಎಂಟು 1000. ಐದು 0101, ಒಂಬತ್ತು 1001. ಎಡಗಡೆಯ ಎರಡು ಬಿಟ್, ಅಂದರೆ ಡಿ3 ಮತ್ತು ಡಿ2 ಲೈನಿನಲ್ಲಿ ಬರುವವು, ಮಾತ್ರ ಜಾಗ ಬದಲಾಯಿಸಿವೆ. ಮೂರು 0011, ಎಡಗಡೆ ಎರಡೂ ಸೊನ್ನೆ, ಅದಲುಬದಲಾದರೂ ಗೊತ್ತಾಗುವುದಿಲ್ಲ. ಡಿ ಅಂದರೆ 1101, ಎಡಗಡೆ ಎರಡೂ ಒಂದು, ಅಲ್ಲೂ ಗೊತ್ತಾಗುವುದಿಲ್ಲ.

ಡಿ2 ಮತ್ತು ಡಿ3 ತಿರುವುಮುರುವಾಗಿವೆ!

ಫ್ಲ್ಯಾಶಿನ ಡೇಟಾಶೀಟ್ ತೆಗೆದೆ. ಮೂರನೇ ಕಾಲು ಎಸ್‌ಐಒ2 (ಅಂದರೆ ಡಿ2), ಏಳನೇ ಕಾಲು ಎಸ್‌ಐಒ3 (ಡಿ3). ನನ್ನ ಸ್ಕೀಮ್ಯಾಟಿಕ್ಕಿನಲ್ಲಿ, ಅಂದರೆ ಸರ್ಕ್ಯೂಟಿನ ನಕ್ಷೆಯಲ್ಲಿ, ಆ ಐಸಿಯ ಸಿಂಬಲ್ ನಾನೇ ಬರೆದದ್ದು. ಅದರಲ್ಲಿ ಮೂರಕ್ಕೆ 3, ಏಳಕ್ಕೆ 2. ಇಂಥ ತಪ್ಪನ್ನು ಸಾಫ್ಟ್‌ವೇರಿನ ಯಾವ ಚೆಕ್ ಕೂಡ ಹಿಡಿಯಲಾರದು, ಯಾಕೆಂದರೆ ಸಿಂಬಲ್ಲಿನಲ್ಲಿ ಏನಿದೆಯೋ ಅದನ್ನೇ ಅದು ಸತ್ಯ ಅಂದುಕೊಳ್ಳುತ್ತದೆ. ಒಂದು ಲೈನಿನಲ್ಲಿ ಮಾತಾಡುವವರೆಗೆ ಈ ತಪ್ಪು ಕಾಣುವುದೇ ಇಲ್ಲ. ಐಡಿ ಸರಿ ಬರುತ್ತದೆ, ಬರೆಯುವುದು ಸರಿ, ಕ್ಲಿಪ್ಪಿನಿಂದ ಓದಿದರೂ ಸರಿ. ನಾಲ್ಕು ಲೈನಿಗೆ ಹೋದಾಗ ಮಾತ್ರ ಎಲ್ಲ ಕೆಡುತ್ತದೆ.

ಬೆಸುಗೆ ಕಡ್ಡಿ ಹಿಡಿಯುವ ಮೊದಲು ಇದೇ ಕಾರಣ ಅಂತ ಖಚಿತ ಮಾಡಿಕೊಳ್ಳಬೇಕಿತ್ತು. ಈ ಹನ್ನೆರಡು ದಿನಗಳಲ್ಲಿ ನನಗೆ ತುಂಬಾ ಇಷ್ಟವಾದ ಗಂಟೆ ಇದೇ. ಓದುವಾಗ ಬಿಟ್‌ಗಳು ತಿರುಗುತ್ತವೆ ಅಂದರೆ, ಬರೆಯುವಾಗಲೇ ತಿರುಗಿಸಿ ಬರೆದರೆ ಓದುವಾಗ ನೆಟ್ಟಗಾಗಬೇಕು ಅಲ್ವಾ? ಪೈಥಾನಿನಲ್ಲಿ ಆರು ಸಾಲು ಬರೆದೆ. ಫೈಲಿನ ಪ್ರತಿ ಬೈಟಿನಲ್ಲಿ 2ನೇ ಬಿಟ್ಟನ್ನು 3ಕ್ಕೆ, 3ನೆಯದನ್ನು 2ಕ್ಕೆ. ಹಾಗೆಯೇ 6ನ್ನು 7ಕ್ಕೆ, 7ನ್ನು 6ಕ್ಕೆ. ಹೊಸ ಫೈಲ್ ತೆರೆದು ನೋಡಿದರೆ ಶುರುವಿನಲ್ಲಿ 8ಡಿ 93 98 92. ಅದನ್ನು ಕ್ಲಿಪ್ಪಿನಿಂದ ಮೂರನೇ ಬೋರ್ಡಿನ ಫ್ಲ್ಯಾಶಿಗೆ ಬರೆದೆ. ಕ್ಲಿಪ್ ತೆಗೆದೆ, ರೀಸೆಟ್ಟಿನ ತಂತಿ ಬಿಚ್ಚಿದೆ.

ಪ್ರಾಂಪ್ಟ್ ಬಂತು.

ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿ ಬಂದು ಮತ್ತೆ ನೋಡಿದೆ. ಅಲ್ಲೇ ಇತ್ತು. ಗೆಳತಿಗೆ ಫೋಟೋ ಕಳಿಸಿದೆ. ರಾತ್ರಿ ಒಂದೂವರೆ ಗಂಟೆ, ಆದರೂ ತಕ್ಷಣ ಫೋನ್ ಮಾಡಿದಳು.

ಫೈಲ್ ತಿರುಗಿಸುವುದು ಪರೀಕ್ಷೆಗೆ ಸರಿ, ಅದನ್ನೇ ನಂಬಿಕೊಂಡು ಬದುಕಲಾಗುವುದಿಲ್ಲ. ಯುನಿಫ್ಲ್ಯಾಶ್‌ನಿಂದ ಮಾಮೂಲಿ ಫೈಲ್ ಹಾಕಿದರೂ ಬೂಟ್ ಆಗಬೇಕು. ಇವತ್ತು ಬೆಳಿಗ್ಗೆ ಎರಡನೇ ಬೋರ್ಡ್ ತೆಗೆದುಕೊಂಡೆ. ಫ್ಲ್ಯಾಶ್ ಐಸಿಯ ಮೂರು ಮತ್ತು ಏಳನೇ ಕಾಲಿಗೆ ಫ್ಲಕ್ಸ್ ಹಚ್ಚಿ, ಬೆಸುಗೆ ಕರಗುತ್ತಿದ್ದಂತೆ ಸೂಜಿಯ ಮೊನೆಯಿಂದ ಒಂದೊಂದೇ ಕಾಲನ್ನು ಕೂದಲೆಳೆಯಷ್ಟು ಮೇಲೆತ್ತಿದೆ. ಆತುರಪಟ್ಟರೆ ಕಾಲು ಬುಡದಲ್ಲೇ ಮುರಿಯುತ್ತದೆ. ಆಮೇಲೆ ಎರಡು ಎನಾಮಲ್ ತಂತಿ: ಮೂರನೇ ಕಾಲಿನಿಂದ ಏಳರ ಪ್ಯಾಡಿಗೆ, ಏಳನೇ ಕಾಲಿನಿಂದ ಮೂರರ ಪ್ಯಾಡಿಗೆ. ಐಸಿಯ ಬೆನ್ನ ಮೇಲೆ ಎರಡೂ ಅಡ್ಡ ಹಾಯುತ್ತವೆ, ಅದಕ್ಕೇ ಎನಾಮಲ್. ತಂತಿ ಒಂದು ಸೆಂಟಿಮೀಟರೂ ಉದ್ದವಿಲ್ಲ, ಈ ವೇಗಕ್ಕೆ ತೊಂದರೆ ಕೊಡಲಿಲ್ಲ. ಮಾಮೂಲಿ ಫೈಲ್ ಹಾಕಿದೆ, ಹಸಿರು ಬಂತು. ಜಂಪರ್ ಬದಲಾಯಿಸಿದೆ, ಪ್ರಾಂಪ್ಟ್ ಬಂತು.

ಮುಂದಿನ ಆವೃತ್ತಿಯ ಬೋರ್ಡಿಗೆ ಮಾಡಿದ ಬದಲಾವಣೆ ಮೂರು. ಸಿಂಬಲ್ ಸರಿಮಾಡಿದೆ. ರೀಸೆಟ್ಟನ್ನು ಕೆಪಾಸಿಟರ್ ನಂಬಿ ಬಿಡದೆ ಪವರ್ ಐಸಿಯ ಪವರ್ ಗುಡ್ ಪಿನ್ನಿಗೆ ಕಟ್ಟಿದೆ, ಎಲ್ಲ ವೋಲ್ಟೇಜ್ ನಿಂತ ಮೇಲೆಯೇ ಅದು ಬಿಡುತ್ತದೆ. ಸೀರಿಯಲ್ ಆರ್‌ಎಕ್ಸ್ ಲೈನಿಗೆ ಒಂದು ಬಫರ್ ಹಾಕಿದೆ, ಬೋರ್ಡಿಗೆ ಪವರ್ ಇಲ್ಲದಾಗ ಒಳಗೆ ಕರೆಂಟ್ ಬಿಡದಂಥದ್ದು. ಬರೀ 1 ಕಿಲೋಓಮ್ ರೆಸಿಸ್ಟರ್ ಹಾಕಿದರೂ ಸೋರಿಕೆ ಬಹಳ ಕಮ್ಮಿಯಾಗುತ್ತದೆ, 115200ಕ್ಕೆ ಅದು ಅಡ್ಡಿಯಲ್ಲ, ಆದರೆ ಪೂರ್ತಿ ನಿಲ್ಲುವುದಿಲ್ಲ. ಟೆಸ್ಟ್ ಪ್ಯಾಡ್‌ಗಳನ್ನು ಮಾತ್ರ ಮುಟ್ಟಿಲ್ಲ. ಜಾಗ ಉಳಿಸಲು ತೆಗೆಯೋಣ ಅಂತ ಮೊದಲ ಸಲ ಯೋಚಿಸಿದ್ದೆ. ಅವು ಇರದಿದ್ದರೆ ಆ ನಾಲ್ಕು ಬೈಟ್‌ಗಳನ್ನು ನಾನು ಕಾಣುತ್ತಲೇ ಇರಲಿಲ್ಲ.

ಮಧ್ಯಾಹ್ನ ಎರಡನೇ ಬೋರ್ಡನ್ನು ಪುಸ್ತಕಗಳಿಗೆ ಒರಗಿಸಿ ನಿಲ್ಲಿಸಿ ಸೆನ್ಸರ್ ಶುರುಮಾಡಿದೆ. 4 ಗಿಗಾಹರ್ಟ್ಸ್ ಪೂರ್ತಿ ಬಳಸಿದರೆ ದೂರವನ್ನು 3.75 ಸೆಂಟಿಮೀಟರ್ ಅಂತರದಲ್ಲಿ ಬೇರ್ಪಡಿಸಿ ತೋರಿಸುತ್ತದೆ. ಗ್ರಾಫಿನಲ್ಲಿ ಒಂದು ಗುಡ್ಡ ಎದ್ದಿತ್ತು, ಅದು ನಾನು. ಕುರ್ಚಿ ಹಿಂದೆ ಎಳೆದೆ, ಗುಡ್ಡವೂ ಹಿಂದೆ ಸರಿಯಿತು. ಬಾಗಿಲ ಹತ್ತಿರ ಇನ್ನೊಂದು ಸಣ್ಣ ಗುಡ್ಡ ಎದ್ದಿತು. ತಿರುಗಿ ನೋಡಿದರೆ ಅಜ್ಜಿ ನಿಂತಿದ್ದರು.

"ಇದರಲ್ಲಿ ನನ್ನ ಮುಖ ಕಾಣುತ್ತದೇನೇ?" ಅಂತ ಕೇಳಿದರು.

"ಇಲ್ಲ ಅಜ್ಜಿ. ಇಗೋ, ಇದು ನೀವು."

ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ಆ ಗೆರೆಯನ್ನು ನೋಡಿದರು. ಎರಡು ಹೆಜ್ಜೆ ಹಿಂದೆ ಹೋದರು, ಮತ್ತೆ ಮುಂದೆ ಬಂದರು. ಗುಡ್ಡ ಅವರ ಜೊತೆಗೇ ಹೋಗಿ ಬಂತು. ಆಯಿತು, ಇದನ್ನು ಇಡು ಅಂದರು.